ಕಾನೂನಿಗಿಂತ ಮೊದಲು ತೆರೆದ ಬಾಗಿಲು

ಸಿರುಗುಪ್ಪ ಕಡೆಯ ಹಳ್ಳಿಯೊಂದರ ಹದಿನೈದರ ಹುಡುಗಿ, ನಾಳೆಯ ಮದುವೆಗೆ ಹೆದರಿ ರಾತ್ರೋರಾತ್ರಿ ಮನೆ ಬಿಟ್ಟಳು ಅನ್ಕೊಳ್ಳಿ. ಯಾರ ಬಾಗಿಲು ಬಡೀಬೇಕು?

ಪ್ರಶ್ನೆ ಹಳೇದು ಗೆಳೆಯರೇ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ನಮ್ಮ ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ಅದೇ ಮದ್ರಾಸಿನಲ್ಲಿ 1930ರಲ್ಲಿ, ದೇವದಾಸಿ ಬದುಕಿನಿಂದ ತಪ್ಪಿಸಿಕೊಂಡ ಕೆಲವು ಹುಡುಗಿಯರು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಮನೆಗೆ ಬಂದರು. ಹಾಸ್ಟೆಲ್‌ಗಳು ಅವರನ್ನ ಸೇರಿಸಿಕೊಳ್ಳಲಿಲ್ಲ. ಡಾಕ್ಟರಮ್ಮ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವರ ತಾಯಿಯೂ ದೇವದಾಸಿ ಮನೆತನದವರೇ. ಹಾಗೆ ಹುಟ್ಟಿದ್ದು ಅವ್ವೈ ಹೋಂ. ಮದ್ರಾಸಿನ ದೇವದಾಸಿ ನಿಷೇಧ ಕಾನೂನು ಬಂದಿದ್ದು 1947ರಲ್ಲಿ. ಬಾಗಿಲು ಮೊದಲು, ಕಾನೂನು 17 ವರ್ಷ ಆದಮೇಲೆ. ಅದಕ್ಕೂ ಮುಂಚೆ 1863ರಲ್ಲೇ ಸಾವಿತ್ರಿಬಾಯಿ, ಜ್ಯೋತಿಬಾ ಪುಣೆಯಲ್ಲಿ ಬಸುರಿ ವಿಧವೆಯರಿಗೆ ಮನೆ ತೆರೆದಿದ್ದರು.

ನಮ್ಮ ಕಾಲದಲ್ಲಿ ಇದು ಉಲ್ಟಾ. ಕಾನೂನಿಗೆ ಬರವಿಲ್ಲ. 1982ರಲ್ಲಿ ಕರ್ನಾಟಕದ ದೇವದಾಸಿ ನಿಷೇಧ ಕಾಯ್ದೆ. ಆದರೂ ಸರ್ಕಾರ ಎರಡು ಸಲ ಮಾಡಿದ ಸಮೀಕ್ಷೆಯಲ್ಲಿ ಸಿಕ್ಕವರು 46,660 ಮಂದಿ, ಬಹುಪಾಲು ನಮ್ಮ ಕೇರಿಯವರೇ. 2012ರಲ್ಲಿ ಪೋಕ್ಸೊ. 2016ರಲ್ಲಿ ಬಾಲ್ಯವಿವಾಹವೇ ಅಸಿಂಧು ಅನ್ನೋ ತಿದ್ದುಪಡಿ.

ಈಗ ಆ ಹುಡುಗಿ ಹತ್ರ ವಾಪಸ್ ಬನ್ನಿ. ಪೋಕ್ಸೊ ಪ್ರಕಾರ ಮಗುವನ್ನ ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಸರಿ. ಬಾಲನ್ಯಾಯ ಕಾಯ್ದೆ ಪ್ರಕಾರ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಅದೂ ಸರಿ. ಸಮಿತಿ ಕೂರೋದು ಬಳ್ಳಾರಿಯಲ್ಲಿ, ಸಿರುಗುಪ್ಪದಿಂದ 50 ಕಿಲೋಮೀಟರ್ ಮೇಲೆ. 2015ರಲ್ಲಿ ಶುರುವಾದ ಸಖಿ ಕೇಂದ್ರದ ಯೋಜನೆಯೂ ಆಮೇಲೆ ಬೆಳೆದಿದ್ದು ಜಿಲ್ಲೆಗೊಂದು ಅನ್ನೋ ಲೆಕ್ಕದಲ್ಲೇ. ನಡುವಿನ ಆ ಒಂದು ರಾತ್ರಿ ಯಾರದ್ದು? ಆ ರಾತ್ರಿಯಲ್ಲೇ ಊರ ಹಿರಿಯರು ಬರ್ತಾರೆ, ಸೋದರಮಾವ ಬರ್ತಾನೆ, 'ಬುದ್ಧಿ ಹೇಳಿ' ವಾಪಸ್ ಕರ್ಕೊಂಡು ಹೋಗ್ತಾರೆ. ಅದನ್ನೇ ಕೌನ್ಸೆಲಿಂಗ್ ಅಂತ ಬರ್ಕೊಳ್ತಾರೆ!

ಕೌನ್ಸೆಲಿಂಗ್ ಅಂದ್ರೆ ಬುದ್ಧಿವಾದ ಅಲ್ಲ. ಮೊದಲು ಊಟ, ನಿದ್ದೆ. ಆಮೇಲೆ ಅವಳು ಹೇಳಿದ್ದನ್ನ ನಂಬೋ ಒಬ್ಬ ಹೆಣ್ಣುಮಗಳು. ಓದು ಮುಂದುವರಿಸೋ ದಾರಿ. ಮನೆಗೆ ಹೋಗ್ತೀಯಾ ಅಂತ ಕೇಳೋದು ಕೊನೆಗೆ.

ಹಾಗಾಗಿ ನಮ್ಮ ಹಕ್ಕೊತ್ತಾಯ ಸಣ್ಣದು: ಸಿರುಗುಪ್ಪದಲ್ಲೊಂದು, ಕುರುಗೋಡಿನಲ್ಲೊಂದು, ರಾತ್ರಿ ತೆರೆದಿರೋ ಬಾಗಿಲು. ಅಲ್ಲೀವರೆಗೆ 1098 ನಂಬರ್ ಪ್ರತಿ ಹುಡುಗಿಗೂ ಬಾಯಿಪಾಠ ಆಗ್ಲಿ. ನಿಮ್ಮ ಬಾಗಿಲು ಬಡಿದ್ರೆ ತೆಗೀರಿ, ತಕ್ಷಣ ಅದೇ ನಂಬರಿಗೆ ತಿಳಿಸಿ.

ಜೈಭೀಮ್.