ಹೆಸರು ಬದಲಾದ ಊರು, ನಿಲ್ಲದ ಸರ್ವರ್

2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು. ಬೋರ್ಡು ಬದಲಿಸಲು ಯಾರೂ ಊರು ಖಾಲಿ ಮಾಡಲಿಲ್ಲ. ಆದರೆ ಹುಡುಕಾಟದ ಸರ್ವರ್‌ಗೆ ಈ ಸುದ್ದಿ ತಾನಾಗಿ ತಿಳಿಯುವುದಿಲ್ಲ. ‘ವಿಜಯಪುರ’ ಎಂದು ಕೇಳಿದವರಿಗೆ ‘ಬಿಜಾಪುರ’ ಎಂದಿರುವ ಹಳೆಯ ದಾಖಲೆಯೂ ಸಿಗಬೇಕಾದರೆ, ಎರಡೂ ಒಂದೇ ಎಂಬ ಸಾಲನ್ನು ಯಾರಾದರೂ ಅದರ ಸಮಾನಪದಗಳ ಕಡತಕ್ಕೆ ಸೇರಿಸಬೇಕು. ಅದೂ ಜನ ಹುಡುಕುತ್ತಿರುವಾಗಲೇ. ಕೆಲಸ ನಿಲ್ಲಿಸದೆ ಹೊಸ ನಿಯಮ ಕಲಿಸುವುದು ಹೇಗೆ?

ಪ್ರಶ್ನೆ ಹಳೆಯದು. ಯುನಿಕ್ಸ್ ಕಂಪ್ಯೂಟರುಗಳಿಗೆ ಜನ ಟೆಲಿಫೋನ್ ತಂತಿಯ ಮೂಲಕ ಸಂಪರ್ಕಿಸುತ್ತಿದ್ದ ಕಾಲದಲ್ಲಿ, ಲೈನು ಕಡಿದರೆ ಪ್ರೋಗ್ರಾಮಿಗೆ ‘ಹ್ಯಾಂಗಪ್’ ಎಂಬ ಸಂಕೇತ ಹೋಗುತ್ತಿತ್ತು. ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಮುಗಳಿಗೆ ಲೈನೂ ಇಲ್ಲ, ಕಡಿಯುವ ಮಾತೂ ಇಲ್ಲ. ಹಾಗೆ ಕೆಲಸವಿಲ್ಲದೆ ಉಳಿದ ಆ ಸಂಕೇತಕ್ಕೆ ಹೊಸ ಅರ್ಥ ಬಂತು: ‘ನಿಲ್ಲಬೇಡ, ನಿನ್ನ ಸೆಟ್ಟಿಂಗ್ ಕಡತವನ್ನು ಮತ್ತೊಮ್ಮೆ ಓದಿಕೋ.’ ಪದಗಳ ಅರ್ಥ ಜಾರುವುದನ್ನು ಭಾಷಾವಿಜ್ಞಾನದ ತರಗತಿಯಲ್ಲಿ ಓದಿದ್ದ ನನಗೆ ಇದು ಇಷ್ಟವಾದ ಉದಾಹರಣೆ.

ಹುಡುಕಾಟದ ಸರ್ವರ್‌ಗೆ ಮರು ಓದು ಅಷ್ಟು ಹಗುರವಲ್ಲ. ಯಾನಿಕ್ ಸೀಲಿ 2004ರಲ್ಲಿ ಸಿನೆಟ್ ಕಂಪನಿಯಲ್ಲಿ ಶುರುಮಾಡಿದ ‘ಸೋಲರ್’ 2006ರಲ್ಲಿ ಅಪಾಚೆ ಪ್ರತಿಷ್ಠಾನದ ಕೈಸೇರಿತು. ಅದರ ಒಳಗಿರುವುದು ಡಗ್ ಕಟಿಂಗ್ ಬರೆದ ‘ಲೂಸೀನ್’. ಸೋಲರ್‌ಗೆ ರೀಲೋಡ್ ಹೇಳಿದರೆ, ಹೊಸ ನಿಯಮಗಳೊಂದಿಗೆ ಇನ್ನೊಂದು ಪ್ರತಿ ಪಕ್ಕದಲ್ಲಿ ಸಿದ್ಧವಾಗುತ್ತದೆ. ಅಲ್ಲಿಯವರೆಗೆ ಹಳೆಯದೇ ಉತ್ತರ ಕೊಡುತ್ತಿರುತ್ತದೆ. ಹೊಸದು ಸಿದ್ಧವಾದಾಗ ಜಾಗ ಬಿಟ್ಟುಕೊಡುತ್ತದೆ. 2012ರ ಸೋಲರ್ 4.0ರಲ್ಲಿ ಹಲವು ಯಂತ್ರಗಳಿಗೆ ಒಂದೇ ಸೆಟ್ಟಿಂಗ್ ಕೊಡಲು ‘ಝೂಕೀಪರ್’ ಬಂತು. ಪ್ರತಿ ಯಂತ್ರದ ಕಡತವನ್ನೂ ಬೇರೆಬೇರೆ ತಿದ್ದುವ ಕಷ್ಟ ತಪ್ಪಿತು.

ಆದರೂ ಒಂದು ತೊಡಕು ಉಳಿಯಿತು. ಅದನ್ನು ನಾನು ಕೈಸುಟ್ಟುಕೊಂಡೇ ಕಲಿತೆ. ನನ್ನ ಹಳೆಯ ಅನುವಾದಗಳನ್ನು ಹುಡುಕಲು ಇಂಥದೊಂದು ಸರ್ವರ್ ಇಟ್ಟುಕೊಂಡಿದ್ದೇನೆ. ಒಂದು ದಿನ ‘ಅಲ್ಲಿ’, ‘ಇಂದ’ ಮುಂತಾದ ವಿಭಕ್ತಿ ಪ್ರತ್ಯಯಗಳನ್ನು ಕತ್ತರಿಸುವ ನಿಯಮ ಸೇರಿಸಿ ರೀಲೋಡ್ ಮಾಡಿದೆ. ಯಾವ ದೂರೂ ಇಲ್ಲದೆ ಒಪ್ಪಿಕೊಂಡಿತು. ಮರುದಿನ ‘ಒಪ್ಪಂದದಲ್ಲಿ’ ಎಂದು ಹುಡುಕಿದರೆ, ನಿನ್ನೆ ಸಿಗುತ್ತಿದ್ದ ಕಡತ ಇಂದು ಇಲ್ಲ. ನನ್ನ ಪ್ರಶ್ನೆ ‘ಒಪ್ಪಂದ’ ಎಂದು ಮೊಟಕಾಗಿತ್ತು. ಸೂಚಿಯಲ್ಲಿ ಮಾತ್ರ ‘ಒಪ್ಪಂದದಲ್ಲಿ’ ಇಡಿಯಾಗಿಯೇ ಕುಳಿತಿತ್ತು. ಹಳೆಯ ಕಡತ ಕಾಣದೆ, ಅಲ್ಲಿ ‘ಜಾಮೀನುದಾರ’ ಎಂದಿದ್ದವನನ್ನು ಹೊಸ ಕರಾರಿನಲ್ಲಿ ‘ಖಾತರಿದಾರ’ ಮಾಡಿದೆ. ಇವರಿಬ್ಬರೂ ಬೇರೆಯವರೇ ಎಂದು ಕರಾರು ಮಾಡಿಸಿದವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಎಲ್ಲ ಕಡತಗಳನ್ನೂ ಹೊಸದಾಗಿ ಸೂಚಿಗೆ ಸೇರಿಸಿದ ಮೇಲಷ್ಟೇ ಹುಡುಕಾಟ ಸರಿಹೋಯಿತು.

ಎಲಾಸ್ಟಿಕ್‌ಸರ್ಚ್ 2019ರಲ್ಲಿ ಸಮಾನಪದಗಳ ಕಡತವನ್ನು ಓಡುತ್ತಿರುವಾಗಲೇ ಬದಲಿಸುವ ಸೌಲಭ್ಯ ತಂದಿತು. ಆದರೆ ಹುಡುಕುವ ಹೊತ್ತಿಗೆ ಅನ್ವಯಿಸುವ ನಿಯಮಕ್ಕೆ ಮಾತ್ರ. ದಾಖಲೆ ಸೇರಿಸುವಾಗಿನ ನಿಯಮಕ್ಕೆ ಅದು ಇಲ್ಲ. ಕಾರಣ ಅದೇ: ಪ್ರಶ್ನೆ ಈ ಕ್ಷಣದ್ದು, ಸೂಚಿ ಹಿಂದಿನದು.

ವಿಜಯಪುರದ ಸಾಲನ್ನು ಹುಡುಕುವ ಕಡೆಯ ಕಡತಕ್ಕೆ ಸೇರಿಸಿದರೆ ಒಂದು ರೀಲೋಡ್ ಸಾಕು, ಎರಡೂ ಹೆಸರಿನ ದಾಖಲೆಗಳು ಸಿಗುತ್ತವೆ. ಪದವನ್ನು ಕತ್ತರಿಸುವ ರೀತಿಯನ್ನೇ ಬದಲಿಸಿದರೆ ಹಳೆಯ ರಾಶಿಯನ್ನೆಲ್ಲ ಮತ್ತೆ ಓದಿಸಬೇಕು. ಬಾಂಬೆ, ಮದ್ರಾಸುಗಳಲ್ಲಿ ಹುಟ್ಟಿ ಮುಂಬೈ, ಚೆನ್ನೈಗಳಲ್ಲಿ ವಾಸವಿರುವ ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರುವ ವಿಷಯವೇ: ಊರಿನ ಹೆಸರು ಒಂದೇ ದಿನದಲ್ಲಿ ಬದಲಾಗುತ್ತದೆ, ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರೇ ಇರುತ್ತದೆ.