ನೆಟ್ಟವಳ ಹೆಸರು

ಇತಿಹಾಸವೆಂದರೆ ರಾಜರು, ಯುದ್ಧಗಳು, ಇಸವಿಗಳು ಎಂದೇ ಮಕ್ಕಳು ತಿಳಿದಿರುತ್ತಾರೆ. ಪರೀಕ್ಷೆಗೆ ನಾವು ಕೇಳುವುದೂ ಅದನ್ನೇ ಅಲ್ಲವೇ? ಹಾಗಾಗಿ ಒಂಬತ್ತನೇ ತರಗತಿಯವರಿಗೆ ವರ್ಷಕ್ಕೊಮ್ಮೆಯಾದರೂ ಬೇರೆ ಬಗೆಯ ಕೆಲಸ ಕೊಡುತ್ತೇನೆ: 1970ರಿಂದ 1980ರವರೆಗೆ ನಮ್ಮ ಮಲೆನಾಡಿನ ಬದುಕು ಹೇಗೆ ಬದಲಾಯಿತು, ಹುಡುಕಿ ಬರೆಯಿರಿ.

ಮೊದಲ ವಾರ ಎಲ್ಲರೂ ಒಂದೇ ಪಟ್ಟಿ ತರುತ್ತಾರೆ. 1970ರ 'ಸಂಸ್ಕಾರ' ಚಲನಚಿತ್ರ, 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದ ಕರ್ನಾಟಕವೆಂಬ ಹೆಸರು, 1974ರ ಭೂಸುಧಾರಣೆ, 1975ರ ತುರ್ತುಪರಿಸ್ಥಿತಿ. ಎಲ್ಲ ಸರಿಯೇ. ಆದರೆ ಇವುಗಳಲ್ಲಿ ಯಾವುದು ನಿಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂತು ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಆಗ ಅವರನ್ನು ಅಜ್ಜಿಯರ ಬಳಿಗೆ ಕಳಿಸುತ್ತೇನೆ.

ಅಜ್ಜಿಯರ ಬಾಯಲ್ಲಿ ಇಸವಿ ಬರುವುದಿಲ್ಲ. 'ದೊಡ್ಡ ಮಗ ಹೊಟ್ಟೆಯಲ್ಲಿದ್ದಾಗ', 'ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತಾಗ' ಎನ್ನುತ್ತಾರೆ. ಎರಡನೆಯದು 1978ರ ನವೆಂಬರ್ ಎಂದು ಪುಸ್ತಕ ಹೇಳುತ್ತದೆ. ಮೊದಲನೆಯದಕ್ಕೆ ಆ ಮಗನ ಶಾಲೆಯ ಟಿ.ಸಿ. ನೋಡಬೇಕು. ಲಗ್ನಪತ್ರಿಕೆ, ಹಳೆಯ ರೇಷನ್ ಕಾರ್ಡು, ಪಹಣಿ ಎಲ್ಲವೂ ಸಾಕ್ಷಿಯೇ. ಕೇಳಿದ ಮಾತಿನ ಪಕ್ಕದಲ್ಲಿ ಒಂದು ಕಾಗದವನ್ನಾದರೂ ಇಡಿ. ಎರಡೂ ಹೊಂದದಿದ್ದರೆ ಎರಡನ್ನೂ ಬರೆಯಿರಿ ಎನ್ನುತ್ತೇನೆ.

ಒಂದು ವರ್ಷ ಈ ಕೆಲಸ ತರಗತಿಯಲ್ಲಿ ಜಗಳವನ್ನೇ ತಂದಿತು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಯಾದ ಕಾಯಿದೆಯಂತೆ 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ಹೇಳಿಕೆ ಕೊಟ್ಟು ಹಕ್ಕು ಪಡೆಯಬೇಕಿತ್ತು. ಒಬ್ಬ ಹುಡುಗಿ ಬರೆದಳು: 'ಮೊದಲು ಒಡೆಯರ ಮನೆಯ ಅಂಗಳದಲ್ಲಿ ನಿಂತೇ ಮಾತಾಡಬೇಕಿತ್ತಂತೆ. ಆಮೇಲೆ ಅಜ್ಜ ಜಗಲಿ ಹತ್ತಿ ಕೂತರಂತೆ.' ಪಕ್ಕದ ಸಾಲಿನ ಹುಡುಗ ಬರೆದಿದ್ದ: 'ವಿಧವೆಯಾಗಿದ್ದ ನಮ್ಮ ಮುತ್ತಜ್ಜಿಗೆ ಗೇಣಿಯ ಅಕ್ಕಿಯೊಂದೇ ಗತಿಯಾಗಿತ್ತು. ಅದೂ ಹೋಯಿತು.' ಇಬ್ಬರೂ ತಮ್ಮದೇ ನಿಜ ಎಂದು ಹಟ ಹಿಡಿದರು.

ಮರುದಿನ ಪೋಷಕರೊಬ್ಬರು ಬಂದು, "ಮುಗಿದುಹೋದ ಮಾತನ್ನು ಯಾಕೆ ಕೆದಕಿಸುತ್ತೀರಿ ಟೀಚರ್?" ಎಂದರು. ಅವರ ಕಳವಳ ನನಗೂ ಅರ್ಥವಾಗುತ್ತಿತ್ತು. "ಮುಗಿದಿದ್ದರೆ ಮಕ್ಕಳು ಜಗಳವಾಡುತ್ತಿರಲಿಲ್ಲ. ಅರ್ಧ ಕೇಳಿಸಿಕೊಂಡು ದ್ವೇಷ ಬೆಳೆಸಿಕೊಳ್ಳುವುದಕ್ಕಿಂತ ಪೂರ್ತಿ ಕೇಳಿಸಿಕೊಳ್ಳಲಿ" ಎಂದೆ. ಆ ಇಬ್ಬರಿಗೂ ಒಟ್ಟಿಗೆ ಒಂದೇ ವರದಿ ಬರೆಯಲು ಹೇಳಿದೆ.

ಅವರು ಹಿಂದಕ್ಕೆ ಹೋಗಿ 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹವನ್ನು ಓದಿಕೊಂಡರು. 1974ರ ಕಾಯಿದೆ ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ ಎಂಬುದು ತಿಳಿಯಿತು. ಆಮೇಲೆ ಎರಡೂ ಮನೆಯ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ನಾನು ಎಂದೂ ಕೇಳದ ಪ್ರಶ್ನೆ ಆಗ ಆ ಹುಡುಗಿಯ ಬಾಯಿಂದ ಬಂತು: "ಟೀಚರ್, ಇದರಲ್ಲಿ ಅಜ್ಜಿಯ ಹೆಸರೇ ಇಲ್ಲವಲ್ಲ?"

ನಿಜ. ಅರ್ಜಿಯಲ್ಲಿ ಅಜ್ಜನ ಹೆಸರು. ಹುಡುಗನ ಮನೆಯ ಜಮೀನೂ ಮುತ್ತಜ್ಜಿಯ ಮೈದುನನ ಹೆಸರಿನಲ್ಲಿತ್ತು. ಆಕೆಗೆ ಬರುತ್ತಿದ್ದ ಅಕ್ಕಿ ಅವನ ಕೈಯಿಂದಲೇ ಬರಬೇಕಿತ್ತು. ಒಬ್ಬಳ ಮನೆಗೆ ಭೂಮಿ ಬಂತು, ಇನ್ನೊಬ್ಬಳ ಮನೆಯಿಂದ ಹೋಯಿತು. ಯಾವ ಕಾಗದದಲ್ಲೂ ಇಬ್ಬರೂ ಇಲ್ಲ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ಮೊಮ್ಮಗಳು ಓದಿ ಹೇಳಿದಾಗ ಅಜ್ಜಿ ನಕ್ಕು, "ಉತ್ತವರು ನಿಮ್ಮಜ್ಜ, ಹೌದು. ಸಸಿ ನೆಟ್ಟವರು ಯಾರು, ಕಳೆ ಕಿತ್ತವರು ಯಾರು, ಅದನ್ನೂ ಬರಕೋ" ಎಂದರಂತೆ.

ವರದಿಯ ಕೊನೆಯಲ್ಲಿ ಇಬ್ಬರೂ ನಾನು ಕೊಟ್ಟ ಹತ್ತು ವರ್ಷದ ಬೇಲಿಯನ್ನು ದಾಟಿದ್ದರು. ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಇಡೀ ದೇಶಕ್ಕೆ ಅನ್ವಯಿಸಿದ 2005ರ ತಿದ್ದುಪಡಿ ಎರಡನ್ನೂ ಬರೆದಿದ್ದರು. ಅದರ ಕೆಳಗೆ ಹುಡುಗಿ ಒಂದು ಸಾಲು ಸೇರಿಸಿದ್ದಳು: 'ನಮ್ಮ ಮನೆಯ ಪಹಣಿಯಲ್ಲಿ ಇನ್ನೂ ಅಪ್ಪ, ಚಿಕ್ಕಪ್ಪನ ಹೆಸರು ಮಾತ್ರ ಇದೆ.'

ಅಂದಿನಿಂದ ಮಕ್ಕಳಿಗೆ ಕೊಡುವ ಪ್ರಶ್ನೆಗಳ ಹಾಳೆಯಲ್ಲಿ ಒಂದು ಹೆಚ್ಚಾಗಿದೆ: ಕಾಗದದಲ್ಲಿ ಯಾರ ಹೆಸರಿದೆ, ಕೆಲಸ ಮಾಡಿದವರು ಯಾರು? ನೀವೂ ಒಮ್ಮೆ ನಿಮ್ಮ ಮನೆಯ ಟ್ರಂಕು ತೆಗೆದು ನೋಡಿ.