ಈ ಗಡಿಯಾರ ಹುಟ್ಟಿದ್ದು ಯಾವ ವರ್ಷ?

2021ರ ನವೆಂಬರ್ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಒಂದು ಹಳೆಯ ಕೈಗಡಿಯಾರ ಹರಾಜಿಗೆ ಬಂತು. ಅದು ಒಮೆಗಾ ಕಂಪನಿಯ 'ಸ್ಪೀಡ್‌ಮಾಸ್ಟರ್'. 1957ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಆ ಮಾದರಿಯ ಆರಂಭದ ಗಡಿಯಾರಗಳಲ್ಲಿ ಒಂದು ಎಂಬ ವಿವರಣೆ ಅದಕ್ಕಿತ್ತು. 1969ರಲ್ಲಿ ಚಂದ್ರನ ನೆಲದ ಮೇಲೆ ನಡೆದವರು ಧರಿಸಿದ್ದು ಇದೇ ವಂಶದ ಗಡಿಯಾರವನ್ನು. ಹರಾಜಿನವರ ಅಂದಾಜು ಬೆಲೆ 80,000ದಿಂದ 1,20,000 ಸ್ವಿಸ್ ಫ್ರಾಂಕ್. ಮಾರಾಟವಾದದ್ದು 31 ಲಕ್ಷ ಫ್ರಾಂಕ್‌ಗೂ ಹೆಚ್ಚಿನ ಬೆಲೆಗೆ! ಕೊಂಡದ್ದು ಬೇರೆ ಯಾರೂ ಅಲ್ಲ, ಒಮೆಗಾ ಕಂಪನಿಯೇ, ತನ್ನ ಸಂಗ್ರಹಾಲಯಕ್ಕಾಗಿ. ಆದರೆ 2023ರಲ್ಲಿ ಹೊರಬಿದ್ದ ಸುದ್ದಿ ಬೇರೆಯೇ ಆಗಿತ್ತು. ಅದು ಒಂದು ಗಡಿಯಾರವೇ ಅಲ್ಲ, ಹಲವು ಗಡಿಯಾರಗಳ ಬಿಡಿಭಾಗಗಳನ್ನು ಕೂಡಿಸಿ ಮಾಡಿದ್ದು ಎಂದು ಕಂಪನಿಯೇ ತಿಳಿಸಿತು.

ತಯಾರಿಸಿದವರೇ ಮೋಸಹೋಗಬಹುದಾದರೆ, ಹಳೆಯ ದುಬಾರಿ ಗಡಿಯಾರವೊಂದನ್ನು ಕೈಯಲ್ಲಿ ಹಿಡಿದ ನಮ್ಮ ನಿಮ್ಮಂಥವರು ಅದರ ವಯಸ್ಸನ್ನು ತಿಳಿಯುವುದು ಹೇಗೆ? ಇದಕ್ಕೆ ಇತಿಹಾಸ, ಭೌತವಿಜ್ಞಾನ, ರಸಾಯನವಿಜ್ಞಾನ ಮೂರೂ ಬೇಕು.

ಸಂಖ್ಯೆ ಹೇಳುವ ಕತೆ

ಮೊದಲ ಸುಳಿವು ಕ್ರಮಸಂಖ್ಯೆ. ರೋಲೆಕ್ಸ್ ಗಡಿಯಾರದಲ್ಲಿ ಇದನ್ನು ಬಹುಕಾಲ ಕವಚದ ಅಂಚಿನಲ್ಲಿ, 6 ಗಂಟೆಯ ಕಡೆ ಪಟ್ಟಿ ಸೇರುವ ಕೊಂಬುಗಳ ನಡುವೆ ಕೆತ್ತುತ್ತಿದ್ದರು. ಪಟ್ಟಿ ಕಳಚಿದರೆ ಮಾತ್ರ ಕಾಣುತ್ತದೆ. ಯಾವ ಸಂಖ್ಯೆ ಯಾವ ವರ್ಷದ್ದು ಎಂಬ ಪಟ್ಟಿಯನ್ನು ಕಂಪನಿ ಪ್ರಕಟಿಸಿಲ್ಲ. ಸಂಗ್ರಾಹಕರು ಸಾವಿರಾರು ಗಡಿಯಾರಗಳನ್ನು, ಅವುಗಳ ಮಾರಾಟಪತ್ರಗಳನ್ನು ಹೋಲಿಸಿ ಅಂದಾಜು ಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ.

ಇಲ್ಲೊಂದು ತೊಡಕಿದೆ. 1950ರ ದಶಕದ ಮೊದಲರ್ಧದಲ್ಲಿ ಸಂಖ್ಯೆ ಹತ್ತು ಲಕ್ಷದ ಹತ್ತಿರ ಬಂದಾಗ ಎಣಿಕೆಯನ್ನು ಮತ್ತೆ ಕೆಳಗಿನಿಂದ ಆರಂಭಿಸಲಾಯಿತು. 1964ರ ಸುಮಾರಿಗೆ ಅದು ಹತ್ತು ಲಕ್ಷವನ್ನು ದಾಟಿತು. ಹೀಗಾಗಿ ಆರಂಕಿಯ ಒಂದೇ ಸಂಖ್ಯೆ ಎರಡು ಕಾಲಗಳಿಗೆ ಹೊಂದಬಹುದು. 1987ರಲ್ಲಿ ಸಂಖ್ಯೆಯ ಮುಂದೆ ಇಂಗ್ಲಿಷಿನ ಅಕ್ಷರ ಬಂತು: ಮೊದಲು ಆರ್, ನಂತರ ಎಲ್, ಇ, ಎಕ್ಸ್. ಹೌದು, ಕಂಪನಿಯ ಹೆಸರಿನ ಅಕ್ಷರಗಳೇ. ಸೊನ್ನೆಯೊಡನೆ ಗೊಂದಲವಾಗುವ 'ಓ' ಮಾತ್ರ ಇಲ್ಲ. 2010ರ ಸುಮಾರಿನಿಂದ ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ನೀಡುತ್ತಿರುವುದರಿಂದ ಅವುಗಳಿಂದ ವರ್ಷ ತಿಳಿಯದು.

ಜಪಾನಿನ ಸೆಯ್ಕೊ ಕಂಪನಿಯ ಆರಂಕಿ ಸಂಖ್ಯೆಯ ಲೆಕ್ಕ ಇನ್ನೂ ಸ್ವಾರಸ್ಯಕರ. ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 7 ಎಂದಿದ್ದರೆ 1977 ಇರಬಹುದು, 1987 ಇರಬಹುದು. ಯಾವ ದಶಕ ಎಂಬುದನ್ನು ಒಳಗಿನ ಯಂತ್ರದ ಮಾದರಿ ನೋಡಿ ತೀರ್ಮಾನಿಸಬೇಕು. ಅಂದರೆ ಒಂದೇ ಸಾಕ್ಷಿ ಸಾಲದು, ಎರಡನೆಯದು ಬೇಕೇ ಬೇಕು.

ಲೋಹದ ಮೇಲಿನ ಮುದ್ರೆ

ಚಿನ್ನ, ಬೆಳ್ಳಿಯ ಕವಚವಾದರೆ ಸರ್ಕಾರಿ ಮುದ್ರೆಗಳು ನೆರವಾಗುತ್ತವೆ. 1907ರಿಂದ ಬ್ರಿಟನ್ನಿಗೆ ಬರುವ ಸ್ವಿಸ್ ಬೆಳ್ಳಿ-ಚಿನ್ನದ ಕವಚಗಳಿಗೆ ಅಲ್ಲಿಯ ಪರೀಕ್ಷಣಾಲಯದ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಅದರಲ್ಲಿ ವರ್ಷಕ್ಕೊಂದು ಅಕ್ಷರ. ಲಂಡನ್ನಿನಲ್ಲಿ ಅಕ್ಷರ ಬದಲಾಗುತ್ತಿದ್ದದ್ದು ಮೇ ತಿಂಗಳಲ್ಲಿ. ಆದ್ದರಿಂದ ಒಂದು ಅಕ್ಷರ ಎರಡು ಕ್ಯಾಲೆಂಡರ್ ವರ್ಷಗಳಿಗೆ ಚಾಚಿಕೊಂಡಿರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1995ರಿಂದ ಅಮೂಲ್ಯ ಲೋಹಗಳಿಗೆಲ್ಲ ಸೇಂಟ್ ಬರ್ನಾರ್ಡ್ ನಾಯಿಯ ತಲೆಯ ಮುದ್ರೆ ಬಳಕೆಗೆ ಬಂತು. 1950ರದೆಂದು ಹೇಳುವ ಚಿನ್ನದ ಗಡಿಯಾರದ ಕವಚದಲ್ಲಿ ಈ ನಾಯಿ ಕಂಡರೆ ನೀವು ಪ್ರಶ್ನೆ ಕೇಳಲೇಬೇಕು.

ಯಂತ್ರದೊಳಗಿನ ಭೌತವಿಜ್ಞಾನ

ಹಿಂಬದಿ ಮುಚ್ಚಳ ತೆರೆದರೆ ಅತ್ತಿತ್ತ ತಿರುಗುವ ಸಮತೋಲನ ಚಕ್ರ ಕಾಣುತ್ತದೆ. ಅದನ್ನು ನಿಯಂತ್ರಿಸುವುದು ಕೂದಲೆಳೆಯಂಥ ಸುರುಳಿ. ಸುರುಳಿ ಸಾಮಾನ್ಯ ಉಕ್ಕಿನದಾದರೆ ಬಿಸಿಯಲ್ಲಿ ಅದರ ಸ್ಥಿತಿಸ್ಥಾಪಕತೆ ಕಡಿಮೆಯಾಗಿ ಗಡಿಯಾರ ನಿಧಾನವಾಗುತ್ತದೆ. ಎಷ್ಟು ಗೊತ್ತೇ? ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ದಿನಕ್ಕೆ ಸುಮಾರು 11 ಸೆಕೆಂಡು. ಇದನ್ನು ಸರಿದೂಗಿಸಲು ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನು ಬೆಸೆದು, ಅಂಚನ್ನು ಎರಡು ಕಡೆ ಕತ್ತರಿಸಿದ ಚಕ್ರಗಳನ್ನು ಬಳಸುತ್ತಿದ್ದರು. ಬಿಸಿಯಾದಾಗ ಅಂಚು ಒಳಕ್ಕೆ ಬಾಗಿ ನಷ್ಟವನ್ನು ತುಂಬುತ್ತಿತ್ತು.

ಗಡಿಯಾರ ತಯಾರಕರ ಮನೆತನದ ಸ್ವಿಸ್ ವಿಜ್ಞಾನಿ ಷಾರ್ಲ್ ಎದುವಾರ್ ಗಿಯೋಮ್ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳನ್ನು ಅಭ್ಯಸಿಸಿ, 1896ರಲ್ಲಿ 'ಇನ್ವಾರ್', ಮುಂದೆ 'ಎಲಿನ್ವಾರ್' ರೂಪಿಸಿದರು. ಎಲಿನ್ವಾರ್‌ನ ಸ್ಥಿತಿಸ್ಥಾಪಕತೆ ಉಷ್ಣತೆಯೊಡನೆ ಹೆಚ್ಚು ಬದಲಾಗದು. ಈ ಮಿಶ್ರಲೋಹಗಳ ಸಂಶೋಧನೆಗೆ 1920ರ ಭೌತವಿಜ್ಞಾನದ ನೊಬೆಲ್ ಬಹುಮಾನ ಸಂದಿತು. 1930ರ ದಶಕದಲ್ಲಿ 'ನಿವಾರಾಕ್ಸ್' ಸುರುಳಿಗಳೂ ಪೆಟ್ಟು ತಡೆಯುವ 'ಇನ್ಕಾಬ್ಲಾಕ್' ಬುಗುರಿಗಂಬಗಳ ವ್ಯವಸ್ಥೆಯೂ ಬಂದವು. ಕತ್ತರಿಸಿದ ಅಂಚಿನ ಚಕ್ರ ಕ್ರಮೇಣ ಮರೆಯಾಯಿತು. ಆದ್ದರಿಂದ ಮೊದಲ ಮಹಾಯುದ್ಧ ಕಾಲದ್ದು ಎನ್ನಲಾದ ಯಂತ್ರದಲ್ಲಿ ಇನ್ಕಾಬ್ಲಾಕ್ ಇದ್ದರೆ ಆ ಹೇಳಿಕೆ ನಿಲ್ಲದು.

ಕತ್ತಲಲ್ಲಿ ಹೊಳೆಯುವ ಸಾಕ್ಷಿ

ಮುಳ್ಳುಗಳ ಮತ್ತು ಡಯಲ್‌ನ ಹೊಳೆಯುವ ಬಣ್ಣ ಬಹುಮುಖ್ಯ ಸಾಕ್ಷಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸತುವಿನ ಸಲ್ಫೈಡಿಗೆ ರೇಡಿಯಂ ಬೆರೆಸಿ ಬಳಿಯುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ ಈ ಕೆಲಸ ಮಾಡುತ್ತಿದ್ದ ಯುವತಿಯರಿಗೆ ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಲು ಕಲಿಸಲಾಗಿತ್ತು. ದವಡೆಯ ಮೂಳೆ ಕೊಳೆತು, ಕ್ಯಾನ್ಸರ್ ತಗಲಿ ಹಲವರು ಸತ್ತರು. ಐವರು ಮಹಿಳೆಯರು ಹೂಡಿದ ಮೊಕದ್ದಮೆ 1928ರಲ್ಲಿ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು. ಹಳೆಯ ಡಯಲ್ ನೋಡುವಾಗ ಅವರನ್ನು ನೆನೆಯಬೇಕು.

1960ರ ದಶಕದಲ್ಲಿ ರೇಡಿಯಂ ಬದಲಿಗೆ ಟ್ರೀಷಿಯಂ ಬಂತು. ಆಗ ಡಯಲ್‌ನ ಕೆಳ ಅಂಚಿನಲ್ಲಿ 'ಟಿ ಸ್ವಿಸ್ ಟಿ' ಅಥವಾ 'ಸ್ವಿಸ್ ಟಿ' ಮತ್ತು 25ಕ್ಕಿಂತ ಕಡಿಮೆ ಎಂಬ ಚಿಹ್ನೆ ಕಾಣಿಸಿಕೊಂಡವು. 25 ಮಿಲಿಕ್ಯೂರಿಗಿಂತ ಕಡಿಮೆ ಟ್ರೀಷಿಯಂ ಇದೆ ಎಂಬುದು ಅದರ ಅರ್ಥ. 1993ರಲ್ಲಿ ಜಪಾನಿನ ನೆಮೊಟೊ ಕಂಪನಿ ವಿಕಿರಣವಿಲ್ಲದ, ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಆಧರಿಸಿದ 'ಲ್ಯೂಮಿನೋವಾ' ತಂದಿತು. 1998ರ ಸುಮಾರಿಗೆ ರೋಲೆಕ್ಸ್ ಕೂಡ ಇದಕ್ಕೆ ಬದಲಾಯಿತು.

ಈಗ ಲೆಕ್ಕ ಮಾಡಿ. ಟ್ರೀಷಿಯಂನ ಅರ್ಧಾಯು 12.3 ವರ್ಷ. 1964ರ ಡಯಲ್‌ನಲ್ಲಿ 61 ವರ್ಷಗಳ ನಂತರ, ಅಂದರೆ ಸುಮಾರು 5 ಅರ್ಧಾಯುಗಳು ಕಳೆದಾಗ, ಉಳಿಯುವುದು 32ರಲ್ಲಿ 1 ಭಾಗ, ಸುಮಾರು ಶೇ. 3. ಅಂಥ ಡಯಲ್ ರಾತ್ರಿಯಿಡೀ ಪ್ರಕಾಶಮಾನವಾಗಿ ಹೊಳೆಯುತ್ತಿದ್ದರೆ ಬಣ್ಣವನ್ನು ಯಾರೋ ಹೊಸದಾಗಿ ಬಳಿದಿದ್ದಾರೆ ಎಂದೇ ತಿಳಿಯಬೇಕು.

ರೇಡಿಯಂನ ಅರ್ಧಾಯುವಾದರೋ 1600 ವರ್ಷ. 80 ವರ್ಷಗಳ ನಂತರವೂ ಶೇ. 96ಕ್ಕೂ ಹೆಚ್ಚು ಉಳಿದಿರುತ್ತದೆ. ಆದರೂ ಹಳೆಯ ರೇಡಿಯಂ ಡಯಲ್ ಹೊಳೆಯುವುದಿಲ್ಲ. ಏಕೆ? ವಿಕಿರಣದ ಹೊಡೆತಕ್ಕೆ ಸತುವಿನ ಸಲ್ಫೈಡಿನ ಹರಳುಗಳೇ ಹಾಳಾಗಿರುತ್ತವೆ. ಬೆಳಕು ಸತ್ತಿದ್ದರೂ ಗೈಗರ್ ಗಣಕವನ್ನು ಹತ್ತಿರ ಹಿಡಿದರೆ ಅದು ಟಿಕ್ ಟಿಕ್ ಎನ್ನುತ್ತದೆ. ಟ್ರೀಷಿಯಂನ ದುರ್ಬಲ ಬೀಟಾ ಕಣಗಳು ಗಾಜನ್ನು ದಾಟಲಾರವು. ಅಲ್ಲಿ ಗಣಕ ಮೌನ. ಬರಿಯ 'ಸ್ವಿಸ್' ಎಂಬ ಪದ ರೋಲೆಕ್ಸ್ ಡಯಲ್‌ಗಳಲ್ಲಿ ಎರಡು ಕಾಲದಲ್ಲಿ ಬರುತ್ತದೆ: ರೇಡಿಯಂ ಯುಗದಲ್ಲಿ ಒಮ್ಮೆ, 1998ರ ಸುಮಾರಿಗೆ ಅಲ್ಪಕಾಲ ಮತ್ತೊಮ್ಮೆ. ಇವೆರಡನ್ನು ಗೈಗರ್ ಗಣಕ ಬೇರ್ಪಡಿಸಬಲ್ಲದು.

ಎಚ್ಚರಿಕೆ: ರೇಡಿಯಂ ಡಯಲ್‌ನ ಗಡಿಯಾರವನ್ನು ಎಂದೂ ತೆರೆಯಬೇಡಿ, ಬಣ್ಣವನ್ನು ಕೆರೆಯಬೇಡಿ. ಉದುರಿದ ಪುಡಿ ಉಸಿರಿನೊಡನೆ ಒಳಹೋದರೆ ಮೂಳೆಯಲ್ಲಿ ನೆಲೆಸುತ್ತದೆ.

ಸಾಕ್ಷಿಗಳನ್ನು ಕೂಡಿಸುವುದು

ಒಂದು ಉದಾಹರಣೆ ನೋಡೋಣ. ನಿಮ್ಮೆದುರು ಒಂದು ರೋಲೆಕ್ಸ್ ಇದೆ ಎಂದು ಭಾವಿಸಿ. ಕ್ರಮಸಂಖ್ಯೆ ಹತ್ತು ಲಕ್ಷಕ್ಕಿಂತ ತುಸು ಹೆಚ್ಚು. ಹಿಂಬದಿ ಮುಚ್ಚಳದ ಒಳಮೈಯಲ್ಲಿ ರೋಮನ್ ಒಂದು ಮತ್ತು 64 ಎಂಬ ಅಚ್ಚಿದೆ. ಅಂದರೆ 1964ರ ಮೊದಲ ತ್ರೈಮಾಸಿಕ. ಲೋಹದ ಪಟ್ಟಿಯ ಕೊಂಡಿಯ ಮೇಲೆ 3 ಮತ್ತು 69. ಡಯಲ್‌ನಲ್ಲಿ 'ಸ್ವಿಸ್ ಮೇಡ್' ಎಂದಿದೆ, ಚೆನ್ನಾಗಿ ಹೊಳೆಯುತ್ತದೆ.

ಕ್ರಮಸಂಖ್ಯೆ, ಮುಚ್ಚಳ ಎರಡೂ ಒಪ್ಪುತ್ತವೆ: ಕವಚ 1964ರ ಸುಮಾರಿನದು. ಪಟ್ಟಿ 1969ರಲ್ಲಿ ತಯಾರಾದದ್ದು, ನಂತರ ಹಾಕಿದ್ದು. ಡಯಲ್ 1998ಕ್ಕಿಂತ ಈಚಿನದು, ಬಹುಶಃ ದುರಸ್ತಿಗೆ ಕೊಟ್ಟಾಗ ಬದಲಾಯಿಸಿದ್ದು. ಇದು ಮೋಸವೇ? ಅಲ್ಲ. ಮಾರುವವರು ಹಾಗೆಂದು ಹೇಳಿದರೆ ಅದು ಗಡಿಯಾರದ ಜೀವನಚರಿತ್ರೆ. 'ಎಲ್ಲವೂ 1964ರದೇ' ಎಂದರೆ ಮಾತ್ರ ಮೋಸ.

ಪುರಾತತ್ವಜ್ಞರು ಮಾಡುವುದೂ ಇದನ್ನೇ. ಹಂಪಿಯ ಉತ್ಖನನದಲ್ಲಿ ಕದಡದ ಮಣ್ಣಿನ ಪದರವೊಂದರಲ್ಲಿ ಕೃಷ್ಣದೇವರಾಯನ ನಾಣ್ಯ ಸಿಕ್ಕರೆ ಆ ಪದರ ಅವನು ಪಟ್ಟಕ್ಕೆ ಬಂದ 1509ಕ್ಕಿಂತ ಹಿಂದಿನದಾಗಲಾರದು. ನಾಣ್ಯ ಹೇಳುವುದು 'ಇದಕ್ಕಿಂತ ಹಿಂದಿನದಲ್ಲ' ಎಂಬುದನ್ನು ಮಾತ್ರ. 'ಇದೇ ವರ್ಷದ್ದು' ಎಂದಲ್ಲ. ಗಡಿಯಾರದ ಪ್ರತಿ ಭಾಗವೂ ಅಂಥ ಒಂದು ನಾಣ್ಯ.

ಪತ್ರಗಳ ವಿಷಯದಲ್ಲೂ ಈ ಎಚ್ಚರ ಇರಲಿ. ಪಾಟೆಕ್ ಫಿಲಿಪ್‌ನಂಥ ಕಂಪನಿಗಳು ತಮ್ಮ ಹಳೆಯ ದಫ್ತರಗಳಿಂದ ತಯಾರಿಕೆಯ ಮತ್ತು ಮಾರಾಟದ ದಿನಾಂಕಗಳ ದೃಢೀಕರಣ ಕೊಡುತ್ತವೆ. ಅವೆರಡರ ನಡುವೆ ವರ್ಷಗಳ ಅಂತರ ಇರಬಹುದು. ದಫ್ತರ ಹೇಳುವುದು ಅಂದು ಕಾರ್ಖಾನೆಯಿಂದ ಹೊರಟ ಗಡಿಯಾರದ ವಿಷಯ. ಇಂದು ನಿಮ್ಮ ಅಂಗೈಯಲ್ಲಿರುವುದರ ಒಂದೊಂದು ಭಾಗವೂ ಅದರದೇ ಎಂಬುದಕ್ಕೆ ಕಾಗದ ಹೊಣೆಯಲ್ಲ. ಅದನ್ನು ಭಾಗಗಳಿಂದಲೇ ಕೇಳಿ ತಿಳಿಯಬೇಕು.

ಮನೆಯಲ್ಲಿ ಹಿರಿಯರ ಗಡಿಯಾರವಿದ್ದರೆ ಒಂದು ಹಾಳೆಯಲ್ಲಿ ಸಂಖ್ಯೆ, ಮುದ್ರೆ, ಯಂತ್ರ, ಡಯಲ್ ಎಂದು ನಾಲ್ಕು ಅಂಕಣ ಹಾಕಿ, ಹೊರಗಿನಿಂದ ಕಾಣುವುದನ್ನು ನೀವೇ ಬರೆಯಿರಿ. ಒಳಗಿನದನ್ನು ಅನುಭವಿ ದುರಸ್ತಿಗಾರರಿಂದ ಕೇಳಿ ತುಂಬಿ. ನಾಲ್ಕೂ ಒಂದೇ ವರ್ಷವನ್ನು ಹೇಳದಿದ್ದರೆ ನಿರಾಶರಾಗಬೇಡಿ. ಹೊಂದದ ಆ ಒಂದು ಅಂಕಣದಲ್ಲೇ ಯಾರೋ ಅದನ್ನು ದುರಸ್ತಿ ಮಾಡಿಸಿ ಮತ್ತೆ ಕೈಗೆ ಕಟ್ಟಿಕೊಂಡ ದಿನದ ಸುಳಿವು ಇರಬಹುದು.